ಪ್ರತಿಕ್ರಿಯೆ: ಐರಿಷ್ ಸ್ಕೋರಿನಲ್ಲಿ ಗೆದ್ದವರು ಯಾರು?

ನೀವು ಕೇಳಿದ್ದು: ಐರ್ಲೆಂಡಿನ ಕ್ರೀಡಾ ತಾಣಗಳಲ್ಲಿ 0-25, 3-16 ಅಂತ ಬರೆದಿರುತ್ತಾರೆ, ಗೆದ್ದವರು ಯಾರು ಅಂತ ತಿಳಿಯುವುದು ಹೇಗೆ?

ಇದು ಐರ್ಲೆಂಡಿನದೇ ಆಟಗಳಾದ ಹರ್ಲಿಂಗ್ (ಕೋಲಿನಿಂದ ಚೆಂಡು ಹೊಡೆಯುವ ಆಟ) ಮತ್ತು ಗೇಲಿಕ್ ಫುಟ್ಬಾಲಿನ ಸ್ಕೋರು. ಗೀಟಿನ ಎಡಕ್ಕಿರೋದು ಗೋಲು, ಬಲಕ್ಕಿರೋದು ಪಾಯಿಂಟು. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಅಂದರೆ 3 ಪಾಯಿಂಟು. ಕಂಬಗಳ ನಡುವೆ ಪಟ್ಟಿಯ ಮೇಲೆ ಹೋದರೆ 1. ಎಡದ ಅಂಕಿಯನ್ನು 3ರಿಂದ ಗುಣಿಸಿ ಬಲದ್ದಕ್ಕೆ ಕೂಡಿಸಿ, ಅಷ್ಟೇ. ನೀವು ಕೊಟ್ಟಿರೋದು 2013ರ ಆಲ್-ಐರ್ಲೆಂಡ್ ಹರ್ಲಿಂಗ್ ಫೈನಲ್: ಕ್ಲೇರ್ ಕೌಂಟಿ (ಜಿಲ್ಲೆ) ತಂಡ 0-25, ಕಾರ್ಕ್ ಕೌಂಟಿ ತಂಡ 3-16. ಎರಡೂ 25, ಪಂದ್ಯ ಸಮ! ಮರುಪಂದ್ಯದಲ್ಲಿ ಕ್ಲೇರ್ 5-16, ಕಾರ್ಕ್ ಮತ್ತೆ ಅದೇ 3-16, ಅಂದರೆ ಒಟ್ಟು 31ಕ್ಕೆ 25, ಗೆದ್ದದ್ದು ಕ್ಲೇರ್.

ಬರೀ ಎಡದ ಅಂಕಿ ನೋಡಿ ತೀರ್ಮಾನಿಸಿದರೆ ಎಡವುತ್ತೀರಿ. 1-10ಕ್ಕಿಂತ 0-14 ದೊಡ್ಡದು.

ಆಟಗಾರನ ಹೆಸರಿನ ಮುಂದೆ 0-8 (5 ಎಫ್) ಅಂತಿದ್ದರೆ, ಆ ಎಂಟರಲ್ಲಿ ಐದು ಫ್ರೀ ಹೊಡೆತದಿಂದ (ಎದುರಾಳಿಯ ತಪ್ಪಿಗೆ ಸಿಗುವ ಹೊಡೆತ) ಬಂದವು. ಅವನ್ನು ಮತ್ತೆ ಕೂಡಿಸಬೇಡಿ.

ಗೇಲಿಕ್ ಫುಟ್ಬಾಲಿನಲ್ಲಿ 2025ರಿಂದ ಇನ್ನೊಂದು ತಿರುವು: ಗೋಲಿನಿಂದ 40 ಮೀಟರ್ ದೂರಕ್ಕೆ ನೆಲದ ಮೇಲೆ ಎಳೆದ ಕಮಾನು ಗೆರೆಯ ಹೊರಗಿಂದ ಪಟ್ಟಿಯ ಮೇಲೆ ಒದ್ದರೆ 2 ಪಾಯಿಂಟು. ಅದೂ ಬಲದ ಅಂಕಿಯೊಳಗೇ ಸೇರಿರುತ್ತದೆ, ಹಾಗಾಗಿ ಲೆಕ್ಕ ಬದಲಾಗದು. ಹರ್ಲಿಂಗಿಗೆ ಈ ನಿಯಮವಿಲ್ಲ.