ಮಿಡ್ಗಾರ್‌ಗೆ ಮರಳಬಹುದೇ?

ಪ್ರಶ್ನೆ: 1997ರ ‘ಫೈನಲ್ ಫ್ಯಾಂಟಸಿ 7’ ವಿಡಿಯೊ ಗೇಮ್ ಅನ್ನು ಕಾಲೇಜು ದಿನಗಳಲ್ಲಿ ಆಡಿದ್ದೆ. 2020ರ ಮರುನಿರ್ಮಾಣವನ್ನು ಈಗ ಕೊಳ್ಳಬಹುದೇ?

ಉತ್ತರ: ಕೊಳ್ಳಬಹುದು; ಆದರೆ ಇದು ಇಡೀ ಕಥೆಯಲ್ಲ ಎಂಬುದು ನಿಮಗೆ ಮೊದಲೇ ತಿಳಿದಿರಲಿ. ಮೂರು ಡಿಸ್ಕ್‌ಗಳ ಮೂಲ ಆಟದಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತಿದ್ದ ಮಿಡ್ಗಾರ್ ನಗರದ ಪ್ರಸಂಗ ಇಲ್ಲಿ ಸುಮಾರು 30 ಗಂಟೆ ಹಿಡಿಯುತ್ತದೆ. ಮುಂದಿನ ಭಾಗ ಬಂದದ್ದು 2024ರಲ್ಲಿ.

ಈ ವಿಸ್ತಾರವೇ ಅದರ ಬಲವೂ ಹೌದು, ಕಾಟವೂ ಹೌದು. ಅಂದು ನಾಲ್ಕು ಮಾತಾಡಿ ಮರೆಯಾಗುತ್ತಿದ್ದ, ಬಂಡುಕೋರರ ಗುಂಪಿನ ಹುಡುಗಿ ಜೆಸ್ಸಿಯ ಮನೆಗೇ ನಾವು ಈಗ ಹೋಗುತ್ತೇವೆ. ಪ್ರಜ್ಞೆಯಿಲ್ಲದೆ ಮಲಗಿರುವ ಅವಳ ತಂದೆಯನ್ನು ಕಂಡ ಮೇಲೆ ಅವಳ ಹೋರಾಟಕ್ಕೆ ಬೇರೆಯೇ ತೂಕ ಬರುತ್ತದೆ. ಅದೇ ಆಟ ನಮ್ಮನ್ನು ಕಳೆದುಹೋದ ಬೆಕ್ಕುಗಳನ್ನು ಹುಡುಕಲೂ ಅಟ್ಟುತ್ತದೆ, ಇಕ್ಕಟ್ಟಾದ ಸಂದುಗಳಲ್ಲಿ ಮೈ ತೂರಿಸಿಕೊಂಡು ಆಮೆಯಂತೆ ಸಾಗಲೂ ಹೇಳುತ್ತದೆ.

ಕಾಳಗದ ಬಗ್ಗೆ ನನಗೆ ತಕರಾರಿಲ್ಲ. ಗುಂಡಿ ಒತ್ತುವ ಚುರುಕು ಕಡಿಮೆಯಾಗಿದ್ದರೆ ‘ಕ್ಲಾಸಿಕ್’ ವಿಧಾನವನ್ನು ಆರಿಸಿಕೊಳ್ಳಿ. ಪಾತ್ರಗಳು ತಾವೇ ಹೊಡೆದಾಡುತ್ತವೆ, ಆಜ್ಞೆಗಳನ್ನಷ್ಟೇ ನೀವು ಕೊಡುತ್ತೀರಿ. ನನಗೆ ರುಚಿಸದ್ದು, ಕಥೆ ಹಳೆಯ ಹಾದಿ ತಪ್ಪದಂತೆ ಕಾಯುವ ಮುಸುಕಿನ ನೆರಳುಗಳ ಕಲ್ಪನೆ; ಮೂಲವನ್ನು ಬಲ್ಲ ನಿಮಗೆ ಅದರ ಚೇಷ್ಟೆ ಅರ್ಥವಾದೀತು, ಹೊಸಬರಿಗೆ ಬರೀ ಗೊಂದಲ.