ಹಣಕಾಸು ಪ್ರಶ್ನೋತ್ತರ: ಒಂದೇ ಕಾಲುವೆಯ ಕೆಳಗೆ ಇನ್ನೂ ಎರಡು ಎಕರೆಯೇ?

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನನ್ನ ತವರು ಕೊಪ್ಪಳ ಜಿಲ್ಲೆಯ ಕಾರಟಗಿ. ಒಂಬತ್ತು ವರ್ಷಗಳಿಂದ ಇಂಗ್ಲೆಂಡಿನ ಲೀಡ್ಸ್ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಹೋದ ವರ್ಷ ಇಲ್ಲಿನ ಪೌರತ್ವ ಸಿಕ್ಕಿತು, ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಕೊಡುವ ಓಸಿಐ ಕಾರ್ಡನ್ನೂ ಮಾಡಿಸಿಕೊಂಡೆ. ವಯಸ್ಸು 38, ವರ್ಷದ ಸಂಬಳ 36,000 ಪೌಂಡ್. ಬ್ಯಾಂಕಿನಲ್ಲಿ 14,000 ಪೌಂಡ್ ಇದೆ, ತಿಂಗಳಿಗೆ 400 ಉಳಿಯುತ್ತದೆ. ಇಲ್ಲಿನ ಹೂಡಿಕೆ ಸಲಹೆಗಾರರೊಬ್ಬರು ಹನ್ನೊಂದು ಷೇರು ಫಂಡುಗಳ ಪಟ್ಟಿ ಕೊಟ್ಟಿದ್ದಾರೆ. ಅವರ ಶುಲ್ಕ, ಫಂಡಿನ ಶುಲ್ಕ ಎಲ್ಲ ಸೇರಿ ವರ್ಷಕ್ಕೆ ಶೇ. 1.9. ಅಪ್ಪ ಮಾತ್ರ, “ನಮ್ಮ ಆರು ಎಕರೆಯ ಪಕ್ಕದಲ್ಲೇ ಎರಡು ಎಕರೆ ಗದ್ದೆ ಮಾರಾಟಕ್ಕಿದೆ, ನಿನ್ನ ಹೆಸರಿಗೆ ಕೊಳ್ಳೋಣ” ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ತಂಗಿ, ಮೊದಲು ಅಪ್ಪನ ಮಾತು. ಓಸಿಐ ಕಾರ್ಡ್ ಇರುವವರು ಭಾರತದಲ್ಲಿ ಮನೆ, ನಿವೇಶನ ಕೊಳ್ಳಬಹುದು. ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಅಪ್ಪನ ಆರು ಎಕರೆ ನಾಳೆ ನಿಮಗೆ ಪಿತ್ರಾರ್ಜಿತವಾಗಿ ಬಂದರೆ ಅದಕ್ಕೆ ಅಡ್ಡಿಯಿಲ್ಲ. ಖರೀದಿ ಮಾತ್ರ ಆಗದು. ಇದನ್ನು ಅವರಿಗೆ ಹೇಳುವ ಕಷ್ಟ ನಿಮ್ಮದು, ನನ್ನದಲ್ಲ.

ಕಾನೂನು ಬಿಟ್ಟರೂ ನಾನು ಬೇಡವೆನ್ನುತ್ತಿದ್ದೆ. ನಿಮ್ಮ ಮನೆಯ ಆರು ಎಕರೆಗೂ ಆ ಎರಡು ಎಕರೆಗೂ ನೀರು ಬರುವುದು ಒಂದೇ ಎಡದಂಡೆ ಕಾಲುವೆಯಿಂದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಿಮ್ಮ ಅಪ್ಪ ನಿದ್ದೆ ಮಾಡಿರಲಾರರು. 33 ಗೇಟುಗಳಲ್ಲಿ ಒಂದು ಹೋದರೆ ಗಂಗಾವತಿ, ಸಿಂಧನೂರು, ಮಾನ್ವಿಗಳ ಗದ್ದೆಗಳಿಗೆಲ್ಲ ಒಂದೇ ಚಿಂತೆ. ಎಕರೆ ಆರಿದ್ದರೇನು, ಎಂಟಿದ್ದರೇನು?

ಈ ಪಾಠವನ್ನು ನಾನು ದುಡ್ಡು ಕೊಟ್ಟು ಕಲಿತವಳು. 2009ರಲ್ಲಿ ನನ್ನ ತಮ್ಮ ಸಂಡೂರಿನ ಅದಿರು ಸಾಗಿಸಲು ಎರಡು ಟಿಪ್ಪರ್ ಕೊಂಡ. ಬ್ಯಾಂಕಿನಲ್ಲಿ ಕುಳಿತು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನು ಭವಿಷ್ಯನಿಧಿಯಿಂದ ಮೂರು ಲಕ್ಷ ತೆಗೆದು ಅವನಿಗೆ ಕೊಟ್ಟೆ. ಒಂದು ಕೆಟ್ಟರೆ ಇನ್ನೊಂದು ಓಡುತ್ತದೆ ಎಂಬ ಧೈರ್ಯ ನಮ್ಮಿಬ್ಬರದು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಎರಡೂ ಟಿಪ್ಪರುಗಳು ಒಂದೇ ದಿನ ನಿಂತವು. ಲಾರಿ ಎರಡಿದ್ದವು, ಅದಿರು ಒಂದೇ ಆಗಿತ್ತು.

ನಿಮ್ಮ ಸಲಹೆಗಾರರ ಹನ್ನೊಂದು ಫಂಡುಗಳನ್ನೂ ಇದೇ ಕಣ್ಣಿನಿಂದ ನೋಡಿ. ಪ್ರತಿ ಫಂಡಿನ ಮಾಹಿತಿ ಪತ್ರದಲ್ಲಿ ಅದು ಹೆಚ್ಚು ಹಣ ಹಾಕಿರುವ ಮೊದಲ ಹತ್ತು ಕಂಪನಿಗಳ ಹೆಸರಿರುತ್ತದೆ. ಹನ್ನೊಂದು ಹಾಳೆಗಳನ್ನೂ ಮೇಜಿನ ಮೇಲೆ ಹರಡಿ, ಎರಡು ಬಾರಿ ಕಂಡ ಹೆಸರಿಗೆಲ್ಲ ಕೆಂಪು ಪೆನ್ನಿನಿಂದ ಗುರುತು ಹಾಕಿ. ಅವೇ ಅಮೆರಿಕದ ದೊಡ್ಡ ಕಂಪನಿಗಳು ಆರೇಳು ಕಡೆ ಕಂಡರೆ ಆಶ್ಚರ್ಯಪಡಬೇಡಿ.

ಇನ್ನು ಶೇ. 1.9ರ ವಿಚಾರ. ಗಂಗಾವತಿಯ ಮಾರುಕಟ್ಟೆಗೆ 75 ಕಿಲೋ ಚೀಲ ಒಯ್ದಾಗ ಅಡತಿ, ಹಮಾಲಿ, ತೂಕದ ಕಡಿತ ಎಂದು ಎಷ್ಟು ಹೋಯಿತೆಂದು ಅಪ್ಪ ಸಂಜೆ ಲೆಕ್ಕ ಹಾಕುತ್ತಿದ್ದುದನ್ನು ನೀವು ಕಂಡಿರಬೇಕು. ಅಲ್ಲಿ ಕಡಿತ ಒಮ್ಮೆ ಮಾತ್ರ. ಫಂಡಿನಲ್ಲಿ ಅದೇ ಚೀಲವನ್ನು ಪ್ರತಿ ವರ್ಷ ತೂಗಿ, ಪ್ರತಿ ವರ್ಷ ಕಡಿತ ಮಾಡುತ್ತಾರೆ. ತಿಂಗಳಿಗೆ 400 ಪೌಂಡಿನಂತೆ 20 ವರ್ಷ ಹಾಕಿದರೆ ನೀವು ಕಟ್ಟುವುದು 96,000. ಖರ್ಚಿಗೆ ಮುಂಚೆ ವರ್ಷಕ್ಕೆ ಶೇ. 6ರಷ್ಟು ಬೆಳೆಯಿತು ಎಂದುಕೊಳ್ಳೋಣ (ಇದು ಲೆಕ್ಕಕ್ಕೆ ಹಿಡಿದ ಅಂಕಿ, ಯಾರೂ ಕೊಟ್ಟ ಭರವಸೆಯಲ್ಲ). ಶೇ. 1.9 ಖರ್ಚಾದರೆ ಕೈಗೆ ಬರುವುದು ಸುಮಾರು 1,48,000, ಅಗ್ಗದ ಫಂಡಿನಲ್ಲಿ ಎಲ್ಲ ಸೇರಿ ಶೇ. 0.4 ಆದರೆ ಸುಮಾರು 1,76,000. ನಡುವಿನ 28,000 ಪೌಂಡ್ ನಿಮ್ಮ 70 ತಿಂಗಳ ಉಳಿತಾಯ. ಅಷ್ಟು ರಾತ್ರಿ ಪಾಳಿಗಳನ್ನು ನೀವು ಸಲಹೆಗಾರರಿಗಾಗಿ ಮಾಡಿದಂತಾಗುತ್ತದೆ. ನಾನೂ ಟಾರ್ಗೆಟ್ ತಲುಪಲು ಕೌಂಟರಿನಲ್ಲಿ ವಿಮೆ ಬೆರೆತ ಹೂಡಿಕೆ ಪಾಲಿಸಿಗಳನ್ನು ಮಾರಿದವಳು. ಕಮಿಷನ್ ಎಲ್ಲಿಂದ ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಹಾಗಾದರೆ ಏನು ಕೊಳ್ಳಬೇಕು? ಇಡೀ ಜಗತ್ತಿನ ಷೇರು ಸೂಚ್ಯಂಕವನ್ನು ಹಿಂಬಾಲಿಸುವ, ಅಂದರೆ ಅದರಲ್ಲಿರುವ ಕಂಪನಿಗಳ ಷೇರುಗಳನ್ನು ಅದೇ ಪ್ರಮಾಣದಲ್ಲಿ ಇಟ್ಟುಕೊಳ್ಳುವ, ಒಂದೇ ಒಂದು ಇಂಡೆಕ್ಸ್ ಫಂಡ್. ಅಂಥವು ವರ್ಷಕ್ಕೆ ಶೇ. 0.25ಕ್ಕಿಂತ ಕಡಿಮೆ ಶುಲ್ಕದಲ್ಲಿ ನಿಮ್ಮಲ್ಲಿ ಸಿಗುತ್ತವೆ. ಮುಂದುವರಿದ ದೇಶಗಳ ಜೊತೆಗೆ ಭಾರತ, ಚೀನಾ, ಬ್ರೆಜಿಲ್‌ನಂಥವೂ ಸೇರಿರುವುದನ್ನೇ ಆರಿಸಿ. ಅದರಲ್ಲಿ ಅಮೆರಿಕದ ಪಾಲು ಅರ್ಧಕ್ಕಿಂತ ಹೆಚ್ಚು, ಬ್ರಿಟನ್ನಿನದು ನೂರಕ್ಕೆ ನಾಲ್ಕರ ಆಸುಪಾಸು. ‘ನಾನೀಗ ಬ್ರಿಟಿಷ್ ಪ್ರಜೆ, ಬ್ರಿಟನ್ನಿನ ಷೇರು ಹೆಚ್ಚಿರಲಿ’ ಎಂಬ ಅಭಿಮಾನ ಇಲ್ಲಿ ಬೇಡ. ಲಂಡನ್ನಿನ ಎಫ್‌ಟಿಎಸ್‌ಇ 100 ಸೂಚ್ಯಂಕ 1999ರ ಕೊನೆಯಲ್ಲಿ ಮುಟ್ಟಿದ ಎತ್ತರವನ್ನು ದಾಟಿದ್ದು 2015ರಲ್ಲಿ. ಜಪಾನಿನ ನಿಕ್ಕೈ 1989ರ ಡಿಸೆಂಬರಿನ ಎತ್ತರಕ್ಕೆ ಮರಳಿದ್ದು 2024ರ ಫೆಬ್ರವರಿಯಲ್ಲಿ. ನಡುವೆ ಲಾಭಾಂಶ ಬಂದಿತ್ತು, ನಿಜ. ಆದರೂ 34 ವರ್ಷ ಕಾಯಲು ಯಾರಿಗೆ ಆಯುಷ್ಯವಿದೆ?

ಫಂಡನ್ನು ಐಸಾ ಎಂಬ ಬ್ರಿಟನ್ನಿನ ತೆರಿಗೆರಹಿತ ಉಳಿತಾಯ ಖಾತೆಯೊಳಗೇ ಕೊಳ್ಳಿ. ವರ್ಷಕ್ಕೆ 20,000 ಪೌಂಡಿನವರೆಗೆ ಹಾಕಬಹುದು, ಒಳಗಿನ ಲಾಭಕ್ಕೂ ಲಾಭಾಂಶಕ್ಕೂ ಅಲ್ಲಿ ತೆರಿಗೆ ಇಲ್ಲ. ಹೊರಗಾದರೆ ವರ್ಷಕ್ಕೆ 3,000 ಪೌಂಡ್ ಮೀರಿದ ಲಾಭಕ್ಕೆ ತೆರಿಗೆ ಬೀಳುತ್ತದೆ. ಖಾತೆ ನಡೆಸುವ ಸಂಸ್ಥೆಯ ಶುಲ್ಕ ಬೇರೆ. ಶೇ. 0.25 ಕೇಳುವವರು 10,000 ಪೌಂಡಿಗೆ 25 ತೆಗೆದುಕೊಳ್ಳುತ್ತಾರೆ, ಒಂದು ಲಕ್ಷಕ್ಕೆ 250. ತಿಂಗಳಿಗೆ ಇಂತಿಷ್ಟೇ ಎನ್ನುವವರೂ ಇದ್ದಾರೆ. ಗಂಟು ಸಣ್ಣದಿರುವಾಗ ಶೇಕಡಾವಾರು, ದೊಡ್ಡದಾದ ಮೇಲೆ ನಿಗದಿ ಶುಲ್ಕ ಅಗ್ಗ. ಖಾತೆಯನ್ನು ನಗದು ಮಾಡದೆಯೇ ವರ್ಗಾಯಿಸಲು ಬರುತ್ತದೆ.

ಬಾಂಡ್, ಅಂದರೆ ಸರ್ಕಾರಕ್ಕೋ ಕಂಪನಿಗೋ ಬಡ್ಡಿಗೆ ಕೊಟ್ಟ ಸಾಲದ ಪತ್ರ, ಎಷ್ಟಿರಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಆಸ್ಪತ್ರೆಯ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಪಿಂಚಣಿಯೇ ನಿಮ್ಮ ದೊಡ್ಡ ಬಾಂಡ್. ಪ್ರತಿ ವರ್ಷದ ಸಂಬಳದ 54ರಲ್ಲಿ ಒಂದು ಪಾಲು ನಿಮ್ಮ ವಾರ್ಷಿಕ ಪಿಂಚಣಿಗೆ ಸೇರುತ್ತದೆ. 36,000ಕ್ಕೆ ಅದು ಸುಮಾರು 667 ಪೌಂಡ್. ಬದುಕಿರುವ ತನಕ ಪ್ರತಿ ವರ್ಷ, ಬೆಲೆಯೇರಿಕೆಯೊಂದಿಗೆ ಏರುತ್ತ. ಕೈಗೆ ಸಂಬಳ ಹೆಚ್ಚು ಬರಲೆಂದು ಕೆಲವರು ಇದರಿಂದ ಹೊರಬರುತ್ತಾರಂತೆ. ನೀವೂ ಬಂದಿದ್ದರೆ ಈ ಪತ್ರಿಕೆ ಮಡಿಸಿಟ್ಟು ಇವತ್ತೇ ವಾಪಸು ಸೇರಿ, ಉಳಿದದ್ದು ಆಮೇಲೆ. ಪಿಂಚಣಿ ಇದ್ದ ಮೇಲೆ ಬಾಂಡ್ ಫಂಡಿಗೆ ಅವಸರವಿಲ್ಲ. ಅವೂ ಬೀಳುತ್ತವೆ, 2022ರಲ್ಲಿ ಬ್ರಿಟಿಷ್ ಸರ್ಕಾರಿ ಬಾಂಡುಗಳು ಸುಮಾರು ಕಾಲು ಭಾಗ ಬೆಲೆ ಕಳೆದುಕೊಂಡವು.

14,000ದಲ್ಲಿ 8,000 ಬ್ಯಾಂಕಿನಲ್ಲೇ ಇರಲಿ. ಅಪ್ಪನಿಗೆ ಹುಷಾರಿಲ್ಲವೆಂದು ರಾತ್ರೋರಾತ್ರಿ ವಿಮಾನ ಹತ್ತಬೇಕಾದಾಗ ಷೇರು ಮಾರುಕಟ್ಟೆ ಯಾವ ಮಟ್ಟದಲ್ಲಿದೆ ಎಂದು ನೋಡುವಂತಾಗಬಾರದು. ಉಳಿದ 6,000, ಮತ್ತು ತಿಂಗಳ 400, ಫಂಡಿಗೆ. ಎಂದಾದರೂ ಒಂದು ವರ್ಷ ಅದು ಮೂರನೇ ಒಂದು ಪಾಲು ಕುಸಿದೀತು. ಆಗ ಆ್ಯಪ್ ತೆರೆಯದೆ ಪಾಳಿಗೆ ಹೋಗಬಲ್ಲೆನೆಂದು ಅನಿಸದಿದ್ದರೆ ಬ್ಯಾಂಕಿನ ಪಾಲನ್ನು ಈಗಲೇ ಹೆಚ್ಚಿಸಿಕೊಳ್ಳಿ.

ಭಾರತದ ಮ್ಯೂಚುವಲ್ ಫಂಡ್ ಬೇಡ. ಬ್ರಿಟನ್ನಿನಲ್ಲಿ ವಾಸಿಸುವವರಿಗೆ ಅದರ ಲಾಭದ ಮೇಲೆ ಸಾಮಾನ್ಯವಾಗಿ ಸಂಬಳದ ದರದಲ್ಲೇ ತೆರಿಗೆ ಬೀಳುತ್ತದೆ. ಭಾರತದ ಪಾಲು ಜಾಗತಿಕ ಫಂಡಿನಲ್ಲಿ ಹೇಗೂ ಇದೆ. ಕಾರಟಗಿಯ ಆರು ಎಕರೆಯೂ ಇದೆ.

ಪ್ರಶ್ನೆ: ನಾನು ರಾಯಚೂರಿನ ಹತ್ತಿ ವ್ಯಾಪಾರಿ. ನಮ್ಮ ಭಾವ ಬರ್ಮಿಂಗ್‌ಹ್ಯಾಮಿನಲ್ಲಿದ್ದಾರೆ. ಅವರ ಐಸಾ ಖಾತೆಯಲ್ಲಿ ನನ್ನ ಐದು ಲಕ್ಷ ಇಟ್ಟರೆ ತೆರಿಗೆ ಉಳಿಯುತ್ತದಂತೆ, ಹೌದೇ?

ಉತ್ತರ: ಐಸಾ ಖಾತೆಗೆ ಒಬ್ಬರೇ ಒಡೆಯರು, ಜಂಟಿ ಖಾತೆ ಎಂಬುದಿಲ್ಲ. ಬ್ರಿಟನ್ನಿನ ನಿವಾಸಿಯಲ್ಲದ ನೀವು ನಿಮ್ಮ ಹೆಸರಿನಲ್ಲಿ ತೆರೆಯುವಂತೆಯೂ ಇಲ್ಲ. ಒಳಗೆ ಹೋದ ಐದು ಲಕ್ಷ ಕಾಗದದ ಪ್ರಕಾರ ಭಾವನವರದು. ನಾಳೆ ಅಕ್ಕ-ಭಾವನ ನಡುವೆ ಮಾತು ಬಂದರೆ ನಿಮ್ಮ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ. ಹತ್ತಿಯನ್ನು ತೂಕದ ಚೀಟಿ ಇಲ್ಲದೆ ಕೊಡುತ್ತೀರಾ? ಭಾವನವರಿಗೂ ಒಂದು ವಿಷಯ ತಿಳಿಸಿ: ಅವರು ರಾಯಚೂರಿಗೆ ಮರಳಿ ನೆಲೆಸಿದರೆ ಐಸಾದ ವಿನಾಯಿತಿ ಇಲ್ಲಿನ ಆದಾಯ ತೆರಿಗೆ ಇಲಾಖೆಗೆ ಲೆಕ್ಕಕ್ಕಿಲ್ಲ. ಟಿಕೆಟ್ ತೆಗೆಯುವ ಮುಂಚೆಯೇ ಎರಡೂ ದೇಶದ ತೆರಿಗೆ ಬಲ್ಲ ಲೆಕ್ಕಪರಿಶೋಧಕರನ್ನು ಅವರು ಕಾಣಲಿ.