ಕತ್ತಿಗೆ ಹಿಡಿದದ್ದು ತುಕ್ಕಲ್ಲ

ಆಗಸ್ಟ್ ಬಂತೆಂದರೆ ಒಂದೇ ಥರದ ಮಕ್ಕಳು ಆಪ್ತಸಲಹೆಗೆ ನನ್ನ ಹತ್ತಿರ ಬರುತ್ತಾರೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಒಳ್ಳೆ ಅಂಕ. ಪಿಯುಸಿಗೆ ಚಿಕ್ಕಮಗಳೂರಿಗೆ ಬಂದು ಸೈನ್ಸ್ ತಗೊಂಡು, ಮೊದಲ ಟೆಸ್ಟ್‌ನಲ್ಲೇ ಕುಸಿದಿರುತ್ತಾರೆ. ಈ ಹುಡುಗನೂ ಹಾಗೇ. ಕೊಪ್ಪದ ಕಡೆಯವನು, ಹಾಸ್ಟೆಲ್‌ವಾಸಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಸೋಮವಾರ ಬಂದರೆ ಅವನಿಗೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲ ಎಂದಿದ್ದರು. ಕೆಮಿಸ್ಟ್ರಿಯಲ್ಲಿ 50ಕ್ಕೆ 9. 'ಬೇಸಿಕ್ಸೇ ಇಲ್ಲ, ಆರ್ಟ್ಸ್‌ಗೆ ಹೋಗು' ಎಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರಂತೆ. ಆರ್ಟ್ಸ್ ಅಂದರೆ ಸೋತವರನ್ನು ಕಳಿಸುವ ಜಾಗ ಅನ್ನೋ ಹಾಗೆ! ಅದರ ಸಿಟ್ಟು ಬೇರೆಯೇ ಇದೆ, ಇಲ್ಲಿ ಬೇಡ.

ಮೊದಲ ಎರಡು ಭೇಟಿಯಲ್ಲಿ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಮೂರನೇ ಸಲ ಬಂದಾಗ ಹೊರಗೆ ಜೋರು ಮಳೆ. ಅವನು ಕಿಟಕಿಯನ್ನೇ ನೋಡುತ್ತಿದ್ದ.

"ಏನು ಯೋಚನೆ?"

"ಮನೇಲಿ ಎರಡನೇ ಔಷಧಿ ಇನ್ನೂ ಹೊಡೆದಿಲ್ಲ ಮೇಡಂ. ಹೀಗೆ ಸುರಿದ್ರೆ ಕೊಳೆ ಬರುತ್ತೆ."

ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮಾತು. ಡ್ರಮ್ ಹತ್ತಿರ ನಿಂತು ಅದನ್ನು ಕಲಸುವುದು ಇವನದೇ ಕೆಲಸವಂತೆ. ಹೇಗೆ ಮಾಡ್ತೀರಿ ಎಂದೆ. ಆಗ ಬಾಯಿ ಬಿಟ್ಟ.

"ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಒಟ್ಟು ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಬೇಕು. ಆಮೇಲೆ ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕ್ಬೇಕು. ಪ್ಲಾಸ್ಟಿಕ್ ಡ್ರಮ್ಮೇ ಆಗ್ಬೇಕು, ಕಬ್ಬಿಣದ್ದು ಆಗಲ್ಲ."

"ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಕತ್ತಿ ಅದ್ದಿ ನೋಡ್ತೀವಿ. ಕೆಂಪಗೆ ತುಕ್ಕು ಹಿಡಿದ್ರೆ ಸುಣ್ಣ ಸಾಲದು ಅಂತ."

"ಅಷ್ಟು ಬೇಗ ತುಕ್ಕು ಹಿಡಿಯುತ್ತಾ?"

ಜಾಣತನದಿಂದ ಕೇಳಿದ ಪ್ರಶ್ನೆ ಅಲ್ಲ ಅದು. ನಮ್ಮದೂ ತೋಟದ ಮನೆ. ನಾನೂ ಅದನ್ನು ತುಕ್ಕು ಅಂತಲೇ ತಿಳಿದಿದ್ದೆ. ಅವನು ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದ:

"ಮೇಡಂ, ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟಾ?"

ಹೌದು ಎಂದೆ.

"ಹಾಗಾದ್ರೆ ಅದು ತುಕ್ಕಲ್ಲ. ತಾಮ್ರ!"

ಹತ್ತನೇ ತರಗತಿಯಲ್ಲಿ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕುವ ಪ್ರಯೋಗ ಇದೆ. ತಾಮ್ರಕ್ಕಿಂತ ಕಬ್ಬಿಣ ಚುರುಕು. ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಹೊರಬಂದು ಮೊಳೆಗೆ ಅಂಟುತ್ತದೆ. ಸ್ಥಾನಪಲ್ಲಟ ಕ್ರಿಯೆ. ಇದರ ಸಮೀಕರಣ ಬರೆದು ಇವನು ಪೂರ್ತಿ ಅಂಕ ತಗೊಂಡಿದ್ದ. ಪ್ರತಿ ಮಳೆಗಾಲ ಡ್ರಮ್ಮಿನಲ್ಲೂ ಅದನ್ನೇ ನೋಡಿದ್ದ. ಎರಡೂ ಒಂದೇ ಅಂತ ಇವನಿಗೆ ಯಾರೂ ಹೇಳಿರಲಿಲ್ಲ. ಸುಣ್ಣ ಸಾಕಷ್ಟಿದ್ದರೆ ಕರಗಿದ ತಾಮ್ರ ಉಳಿಯುವುದಿಲ್ಲ, ಅದಕ್ಕೇ ಕತ್ತಿ ಕೆಂಪಾಗುವುದಿಲ್ಲ ಅನ್ನುವುದನ್ನೂ ಅವನೇ ಬಿಡಿಸಿ ಹೇಳಿದ.

ಹೊಸ ಪಾಠ ನಿಲ್ಲಬೇಕಾದರೆ ತಲೆಯಲ್ಲಿ ಮೊದಲೇ ಇರುವ ಯಾವುದಕ್ಕಾದರೂ ಅದು ಅಂಟಿಕೊಳ್ಳಬೇಕು, ಇಲ್ಲದಿದ್ದರೆ ಬರೀ ಬಾಯಿಪಾಠ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಆಸುಬೆಲ್ 1960ರ ದಶಕದಲ್ಲೇ ವಾದಿಸಿದ್ದರು. ನಾನು ಒಂದು ಮಾತು ಸೇರಿಸುತ್ತೇನೆ. ಮೊದಲೇ ಇರುವುದು ತಪ್ಪೂ ಆಗಿರಬಹುದು. 'ನಿನ್ನ ತೋಟದ ಅನುಭವ ದೊಡ್ಡದು' ಎಂದು ಬೆನ್ನು ತಟ್ಟಿ ಕಳಿಸಿದ್ದರೆ, ತುಕ್ಕನ್ನೇ ತಲೆಯಲ್ಲಿಟ್ಟುಕೊಂಡು ಹೋಗುತ್ತಿದ್ದ.

ಹಾಗಾಗಿ ಕೊಟ್ಟ ಸಲಹೆ ಇಷ್ಟೇ. ಒಂದು ನೋಟ್‌ಬುಕ್ ಇಡು. ಪಾಠ ಓದುವ ಮೊದಲು ಎಡಗಡೆ ಪುಟದಲ್ಲಿ ಆ ವಿಷಯದ ಬಗ್ಗೆ ಗೊತ್ತಿರುವುದನ್ನು ಬರಿ. ಕನ್ನಡದಲ್ಲೇ, ಮನೆ ಮಾತಿನಲ್ಲೇ. ತಪ್ಪಿದ್ದರೂ ಪರವಾಗಿಲ್ಲ. ಕ್ಲಾಸ್ ಮುಗಿದ ಮೇಲೆ ಬಲಗಡೆ ಇಂಗ್ಲಿಷ್ ಪದ ಹಾಕು, ಯಾವುದು ಹೊಂದಿತು, ಯಾವುದು ಹೊಂದಲಿಲ್ಲ ಅಂತ ಬರಿ. ಎಡಗಡೆ ಬರೆಯಲು ಏನೂ ಸಿಗದಿದ್ದರೆ ಖಾಲಿ ಬಿಡು.

'ಇದು ಆಪ್ತಸಲಹೆ ಅಲ್ಲ, ಟ್ಯೂಷನ್' ಎಂದು ಜೊತೆಯವರೊಬ್ಬರು ನಕ್ಕರು. ಇರಬಹುದು. ಆದರೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು, ಅರ್ಥವಾಗದ ಕ್ಲಾಸಿಗೇ ವಾಪಸ್ ಕಳಿಸಿದರೆ ಆ ಹೊಟ್ಟೆನೋವು ಎಲ್ಲಿಗೆ ಹೋಗುತ್ತದೆ? ತನಗೆ ಏನೂ ಗೊತ್ತಿಲ್ಲ ಅನ್ನುವುದೇ ಅವನ ಭಯವಾಗಿತ್ತು. ಧೈರ್ಯದ ಮಾತು ಅವನಿಗೆ ಆಗಲೇ ಬೇಕಾದಷ್ಟು ಸಿಕ್ಕಿತ್ತು, ಅದರಿಂದ ಏನೂ ಆಗಿರಲಿಲ್ಲ.

ಒಂದು ತಿಂಗಳು ಬಿಟ್ಟು ನೋಟ್‌ಬುಕ್ ತಂದ. ಮೋಲ್ (ಕೆಮಿಸ್ಟ್ರಿಯಲ್ಲಿ ವಸ್ತುವಿನ ಪ್ರಮಾಣ ಅಳೆಯುವ ಮಾನ) ಪಾಠದ ಪುಟದಲ್ಲಿ ಲೆಕ್ಕ ಹಾಕಿದ್ದ. ಮೈಲುತುತ್ತದ ಹರಳಿನ ಒಂದು ಮೋಲ್ 249.7 ಗ್ರಾಂ, ಹಾಗಾಗಿ ಡ್ರಮ್ಮಿಗೆ ಹಾಕುವ 1 ಕೆಜಿ ಅಂದರೆ ಸುಮಾರು 4 ಮೋಲ್. ಊರಿಗೆ ಹೋದಾಗ ಅಪ್ಪನಿಗೂ ಕತ್ತಿ ತೋರಿಸಿ ಹೇಳಿದನಂತೆ. 'ಥೋ, ಇಷ್ಟು ವರ್ಷ ತಾಮ್ರಾನ ಲುಂಗಿಗೆ ಒರೆಸಿದ್ನಾ?' ಅಂದರಂತೆ ಅಪ್ಪ.

ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಆ ತಿಂಗಳಲ್ಲಿ ಎರಡು ಸೋಮವಾರ ಬಂದಿತ್ತು. ಫಿಸಿಕ್ಸ್‌ನ ವೆಕ್ಟರ್ ಪಾಠಕ್ಕೆ ಎಡಪುಟ ಖಾಲಿ. ಮರದಿಂದ ಅಡಿಕೆ ಗೊನೆ ಇಳಿಸುವ ಹಗ್ಗದ ಉದಾಹರಣೆ ನನ್ನ ನಾಲಿಗೆ ತುದಿಗೆ ಬಂತು. ನನ್ನ ಫಿಸಿಕ್ಸ್ ಮೇಲೆ ನನಗೇ ನಂಬಿಕೆ ಇಲ್ಲ. ಆ ಖಾಲಿ ಪುಟವನ್ನು ಲೆಕ್ಚರರ್‌ಗೇ ತೋರಿಸು ಎಂದೆ.